ದೇಶದ ಭದ್ರತೆಗೆ ಅಪಾಯ ಎಷ್ಟು? ಸರ್ಕಾರಗಳು ಲೆಕ್ಕ ಹಾಕುವ ಬಗೆ: ಪಾದೂರು, ಮಲ್ಪೆ, ಪಣಂಬೂರಿನ ಉದಾಹರಣೆಗಳೊಂದಿಗೆ ಸಮಗ್ರ ಮಾರ್ಗದರ್ಶಿ

ಕಾಪು ತಾಲ್ಲೂಕಿನ ಪಾದೂರಿನಲ್ಲಿ ನೆಲದಡಿಯ ಬಂಡೆ ಕೊರೆದು 25 ಲಕ್ಷ ಟನ್ ಕಚ್ಚಾ ತೈಲ ಹಿಡಿಯುವ ಗುಹೆಗಳನ್ನು ಮಾಡಿಟ್ಟಿದ್ದಾರೆ. ಮಂಗಳೂರಿನ ಪೆರ್ಮುದೆ ಬಳಿ ಇನ್ನೊಂದು ಸಂಗ್ರಹಾಗಾರವಿದೆ, ಅದು 15 ಲಕ್ಷ ಟನ್ನಿನದು. ವಿಶಾಖಪಟ್ಟಣದ 13.3 ಲಕ್ಷ ಟನ್ ಕೂಡಿಸಿದರೆ ಒಟ್ಟು 53.3 ಲಕ್ಷ ಟನ್. ಪೂರ್ತಿ ತುಂಬಿಸಿಟ್ಟರೆ ದೇಶಕ್ಕೆ ಸುಮಾರು 9.5 ದಿನಕ್ಕೆ ಸಾಕು ಎನ್ನುತ್ತದೆ ಸರ್ಕಾರದ ಲೆಕ್ಕ. 9.5 ದಿನವೇ ಯಾಕೆ, 90 ಯಾಕಲ್ಲ? ಮುಕ್ಕಾಲು ಪಾಲು ಉಡುಪಿ, ದಕ್ಷಿಣ ಕನ್ನಡ ಎಂಬ ನಮ್ಮ ಎರಡು ಜಿಲ್ಲೆಗಳಲ್ಲೇ ಯಾಕೆ? ಇದನ್ನು ಯಾರೋ ಕೂತು ತೂಗಿ ನೋಡಿಯೇ ತೀರ್ಮಾನಿಸಿರುತ್ತಾರೆ. ಆ ತೂಗುವ ಕೆಲಸಕ್ಕೆ ರಿಸ್ಕ್ ಅಸೆಸ್‌ಮೆಂಟ್ ಎನ್ನುತ್ತಾರೆ. ಜಗತ್ತಿನ ಬಹುತೇಕ ಸರ್ಕಾರಗಳು ಇದನ್ನು ಸುಮಾರಾಗಿ ಒಂದೇ ಕ್ರಮದಲ್ಲಿ ಮಾಡುತ್ತವೆ.

ಆ ಕ್ರಮವನ್ನು ನೀವೇ ಕಾಗದದ ಮೇಲೆ ಮಾಡಿ ನೋಡುವ ಹಾಗೆ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಯುಪಿಎಸ್‌ಸಿ, ಕೆಎಎಸ್‌ಗೆ ಓದುವವರಿಗೆ, ರಾಜ್ಯಶಾಸ್ತ್ರದ ಮೇಷ್ಟ್ರುಗಳಿಗೆ, ಪತ್ರಿಕೆಯಲ್ಲಿ ಕೆಲಸ ಮಾಡುವವರಿಗೆ ಉಪಯೋಗವಾದೀತು. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ಈ ವಿಷಯದಲ್ಲಿ ಎಲ್ಲರ ಕಣ್ಣು ಹೋಗುವುದು ಯಾವ ಅಪಾಯ ಎಷ್ಟು ದೊಡ್ಡದು ಎಂದು ತೋರಿಸುವ ಕೆಂಪು-ಹಳದಿ-ಹಸಿರು ಬಣ್ಣದ ಚೌಕಗಳ ಮೇಲೆ. ನನ್ನ ಪ್ರಕಾರ ಅದು ಇಡೀ ಕೆಲಸದಲ್ಲಿ ಅತಿ ಕಡಿಮೆ ಮುಖ್ಯವಾದ ಭಾಗ. ಸನ್ನಿವೇಶವನ್ನು ಎಷ್ಟು ಬಿಡಿಸಿ ಬರೆದಿದ್ದಾರೆ, ಅದರ ಮುಂದೆ ಹೊಣೆಗಾರರೆಂದು ಯಾರ ಹೆಸರು ಇದೆ, ಇವೆರಡನ್ನು ನೋಡಿದರೆ ಸಾಕು, ಕೆಲಸ ಗಟ್ಟಿಯೋ ಟೊಳ್ಳೋ ಗೊತ್ತಾಗುತ್ತದೆ.

ಹಂತ 1: ಕಾಯಬೇಕಾದ್ದು ಏನು?

ನಾವು ಸಾಮಾನ್ಯವಾಗಿ ಶತ್ರುಗಳ ಪಟ್ಟಿಯಿಂದ ಶುರು ಮಾಡುತ್ತೇವೆ: ಚೀನಾ, ಪಾಕಿಸ್ತಾನ, ಭಯೋತ್ಪಾದನೆ, ಸೈಬರ್ ದಾಳಿ. ನೆದರ್ಲೆಂಡ್ಸ್ 2007ರಲ್ಲಿ ತನ್ನ ಭದ್ರತಾ ಕಾರ್ಯತಂತ್ರ ರೂಪಿಸಿದಾಗ ಉಲ್ಟಾ ದಿಕ್ಕಿನಿಂದ ಹೊರಟಿತು. ತಾನು ಉಳಿಸಿಕೊಳ್ಳಬೇಕಾದ್ದು ಐದು ಎಂದು ಮೊದಲು ಬರೆದುಕೊಂಡಿತು: ನೆಲ, ಜನರ ಜೀವ, ಆರ್ಥಿಕತೆ, ಪರಿಸರ, ಸಾಮಾಜಿಕ-ರಾಜಕೀಯ ಸ್ಥಿರತೆ. ಆಮೇಲೆ ಪ್ರತಿ ಅಪಾಯವನ್ನೂ ಈ ಐದಕ್ಕೆ ಎಷ್ಟು ಪೆಟ್ಟು ಬಿದ್ದೀತು ಎಂದು ಅಳೆಯಿತು. ಹೀಗೆ ಮಾಡಿದಾಗ ಪ್ರವಾಹ, ಸಾಂಕ್ರಾಮಿಕ ರೋಗ, ವಿದ್ಯುತ್ ಕಡಿತ ಇವೂ ಸೇನಾ ದಾಳಿಯ ಜೊತೆ ಒಂದೇ ಪಟ್ಟಿಯಲ್ಲಿ ಬಂದು ಕೂರುತ್ತವೆ.

ಭಾರತದಲ್ಲಿ ರಾಷ್ಟ್ರೀಯ ಭದ್ರತಾ ಮಂಡಳಿ 1998ರ ನವೆಂಬರಿನಿಂದ ಇದೆ. ಆದರೆ ಸಮಗ್ರ ಭದ್ರತಾ ಕಾರ್ಯತಂತ್ರವನ್ನು ಸಾರ್ವಜನಿಕವಾಗಿ ಅಚ್ಚು ಹಾಕಿಸುವ ರೂಢಿ ನಮ್ಮಲ್ಲಿ ಬೆಳೆದಿಲ್ಲ. ಹಾಗಾಗಿ ನಮ್ಮ ಸರ್ಕಾರ ಏನನ್ನು ಮುಖ್ಯ ಎಂದುಕೊಂಡಿದೆ ಎಂಬುದನ್ನು ಬಜೆಟ್, ಸಂಸದೀಯ ಸ್ಥಾಯಿ ಸಮಿತಿಗಳ ವರದಿ, ಕಾರ್ಗಿಲ್ ಪರಿಶೀಲನಾ ಸಮಿತಿಯಂಥ ವರದಿಗಳಿಂದ ಹೆಕ್ಕಿ ತೆಗೆಯಬೇಕಾಗುತ್ತದೆ. ಬಜೆಟ್ಟೇ ಹೆಚ್ಚು ನಂಬಿಕಸ್ಥ. ಭಾಷಣದಲ್ಲಿ ಎಲ್ಲವೂ ಆದ್ಯತೆಯೇ.

ನೀವು ಅಭ್ಯಾಸಕ್ಕೆ ದಕ್ಷಿಣ ಕನ್ನಡ-ಉಡುಪಿಯನ್ನು ತೆಗೆದುಕೊಳ್ಳಿ. ವರ್ಷಕ್ಕೆ 150 ಲಕ್ಷ ಟನ್ ಕಚ್ಚಾ ತೈಲ ಸಂಸ್ಕರಿಸುವ ರಿಫೈನರಿ ಎಂಆರ್‌ಪಿಎಲ್, ಪಣಂಬೂರಿನ ಬಂದರು, ಬಜಪೆಯ ವಿಮಾನ ನಿಲ್ದಾಣ, ರಾಷ್ಟ್ರೀಯ ಹೆದ್ದಾರಿ 66, ಘಾಟಿ ರಸ್ತೆಗಳು, ಮೀನುಗಾರಿಕೆಯನ್ನೇ ನಂಬಿದ ಮನೆಗಳು. ಜೊತೆಗೆ ಸಾಮಾಜಿಕ ಶಾಂತಿ ಎಂಬ ಸಾಲನ್ನು ಮರೆಯದೆ ಸೇರಿಸಿ. ನಮ್ಮ ಕರಾವಳಿಯವರು ಆ ಸಾಲನ್ನು ಬಿಟ್ಟು ಪಟ್ಟಿ ಮಾಡಿದರೆ ಅದು ಪಟ್ಟಿಯೇ ಅಲ್ಲ.

ಹಂತ 2: ಉದ್ದ ಪಟ್ಟಿ

ಇಲ್ಲಿ ಜಾಸ್ತಿ ಹೊತ್ತು ಕಳೆಯಬೇಡಿ. ಇಲಾಖೆಗಳು, ಗುಪ್ತಚರ ಸಂಸ್ಥೆಗಳು, ವಿಜ್ಞಾನಿಗಳು ತಂತಮ್ಮ ಭಯಗಳನ್ನು ಹೇಳುತ್ತಾರೆ, ಕಾರ್ಯದರ್ಶಿ ಬರೆದುಕೊಳ್ಳುತ್ತಾನೆ. ಬ್ರಿಟನ್ ಪ್ರಕಟಿಸಿದ 2023ರ ರಾಷ್ಟ್ರೀಯ ಅಪಾಯ ಪಟ್ಟಿಯಲ್ಲಿ 89 ಅಪಾಯಗಳಿದ್ದವು. ಗಮನಿಸಬೇಕಾದ್ದು ಒಂದೇ: ದಿಢೀರನೆ ಎರಗುವ ಘಟನೆಯನ್ನೂ ನಿಧಾನಕ್ಕೆ ಕೊರೆಯುವ ಸಮಸ್ಯೆಯನ್ನೂ ಒಂದೇ ಪಟ್ಟಿಗೆ ತುರುಕಬೇಡಿ. 'ಹವಾಮಾನ ಬದಲಾವಣೆ' ಘಟನೆಯಲ್ಲ. 2021ರ ಮೇ ತಿಂಗಳಲ್ಲಿ ನಮ್ಮ ತೀರವನ್ನು ಕೊರೆದ ತೌಕ್ತೆ ಚಂಡಮಾರುತ ಘಟನೆ. ಬ್ರಿಟನ್ ಕೂಡ ಈಗ ಇವೆರಡನ್ನೂ ಬೇರೆ ಬೇರೆಯಾಗಿಯೇ ತೂಗುತ್ತದೆ.

ಹಂತ 3: ಸನ್ನಿವೇಶ ಬರೆಯುವುದು

ಇಡೀ ಕೆಲಸದ ಜೀವ ಇರುವುದು ಇಲ್ಲಿ. 'ಕಡಲ ಮಾರ್ಗವಾಗಿ ಭಯೋತ್ಪಾದಕರು ನುಸುಳುವ ಅಪಾಯವಿದೆ' ಎಂಬ ವಾಕ್ಯವನ್ನು ಯಾವ ಅಧಿಕಾರಿಯೂ ಬರೆಯಬಲ್ಲ, ಯಾವ ಮಂತ್ರಿಯೂ ಓದಿ ತಲೆಯಾಡಿಸಬಲ್ಲ. ಅದರಿಂದ ಒಂದು ಬೋಟೂ ಕದಲುವುದಿಲ್ಲ.

ಚರಿತ್ರೆಯನ್ನೇ ನೋಡಿ. 1993ರ ಮುಂಬೈ ಸ್ಫೋಟಗಳಿಗೆ ಬಳಸಿದ ಆರ್‌ಡಿಎಕ್ಸ್ ಇಳಿದದ್ದು ಮಹಾರಾಷ್ಟ್ರದ ರಾಯಗಡ ತೀರದಲ್ಲಿ. ಅಂದರೆ ಕಡಲ ದಾರಿ ಆಗಲೇ ಗೊತ್ತಿತ್ತು. ಕೇಂದ್ರದ ಕರಾವಳಿ ಭದ್ರತಾ ಯೋಜನೆ ಬಂದದ್ದು 2005ರಲ್ಲಿ. 2008ರ ನವೆಂಬರಿನಲ್ಲಿ ಹತ್ತು ಮಂದಿ ಕುಬೇರ್ ಎಂಬ ಗುಜರಾತಿನ ಮೀನುಗಾರಿಕೆ ಬೋಟನ್ನು ವಶಪಡಿಸಿಕೊಂಡು ಅದೇ ಕಡಲಿನಿಂದ ಮುಂಬೈಗೆ ಬಂದರು. ಹದಿನೈದು ವರ್ಷ ಈ ಅಪಾಯ ಕಡತದಲ್ಲಿತ್ತು. ಇಲ್ಲದ್ದು ಏನೆಂದರೆ, ನಮ್ಮದೇ ನೋಂದಣಿಯ ಬೋಟಿನಲ್ಲಿ ಪರಕೀಯರು ಬಂದರೆ ಆ ಬೋಟನ್ನು ತಡೆದು ಕೇಳಬೇಕಾದವರು ಯಾರು ಎಂಬ ಉತ್ತರ. ನೌಕಾಪಡೆಯೋ, ಕೋಸ್ಟ್ ಗಾರ್ಡೋ, ಪೊಲೀಸರೋ? 2009ರಲ್ಲಷ್ಟೇ ಸರ್ಕಾರ ಅದನ್ನು ಬಿಡಿಸಿ ಹೇಳಿತು: ಒಟ್ಟಾರೆ ಹೊಣೆ ನೌಕಾಪಡೆಗೆ, ದೇಶದ ಜಲಗಡಿಯೊಳಗಿನ ಕರಾವಳಿ ಭದ್ರತೆ ಕೋಸ್ಟ್ ಗಾರ್ಡಿಗೆ, ದಡದ ಸಮೀಪ ಕರಾವಳಿ ಕಾವಲು ಪೊಲೀಸರಿಗೆ. ಕರ್ನಾಟಕದಲ್ಲಿ ಆ ಪೊಲೀಸ್ ಪಡೆಯ ಕೇಂದ್ರ ಕಚೇರಿ ಇರುವುದು ಮಲ್ಪೆಯಲ್ಲೇ.

ಈಗ ಸನ್ನಿವೇಶವನ್ನು ಬರೆಯುವುದು ಹೇಗೆ ನೋಡಿ: 'ಆಳಸಮುದ್ರಕ್ಕೆ ಹೋದ ಮಲ್ಪೆಯ ಒಂದು ಟ್ರಾಲ್ ಬೋಟು ಎರಡು ದಿನದಿಂದ ವೈರ್‌ಲೆಸ್‌ನಲ್ಲಿ ಸಿಗುತ್ತಿಲ್ಲ. ಮೂರನೇ ದಿನ ಬೆಳಗಿನ ಜಾವ, ನೂರಾರು ಬೋಟುಗಳು ಮರಳುವ ಹೊತ್ತಿನಲ್ಲಿ, ಅದೇ ಸಂಖ್ಯೆಯ ಬೋಟು ಗುರುತಿಲ್ಲದ ಜನರೊಂದಿಗೆ ತೀರ ಸಮೀಪಿಸುತ್ತದೆ.' ಬರೆದ ತಕ್ಷಣ ಪ್ರಶ್ನೆಗಳು ತಾವಾಗಿ ಏಳುತ್ತವೆ. ಬೋಟು ಸಿಗುತ್ತಿಲ್ಲ ಎಂದು ಮೊದಲು ಗೊತ್ತಾಗುವುದು ಮಾಲೀಕನಿಗೋ, ಪಕ್ಕದ ಬೋಟು ನಡೆಸುವ ತಂಡೇಲನಿಗೋ? ಅವನು ಹೇಳುವುದು ಮೀನುಗಾರರ ಸಂಘಕ್ಕೋ, ಮೀನುಗಾರಿಕಾ ಇಲಾಖೆಗೋ, ಠಾಣೆಗೋ? ಡೀಸೆಲ್ ಮುಗಿದು, ಎಂಜಿನ್ ಕೆಟ್ಟು, ಎರಡು ದಿನ ಸುದ್ದಿಯಿಲ್ಲದೆ ಇರುವ ಬೋಟುಗಳು ಎಷ್ಟೋ ಇರುವಾಗ ಯಾವುದನ್ನು ಅನುಮಾನಿಸುವುದು? ಬಂದರಿನ ದಕ್ಕೆಯಲ್ಲಿ ಅರ್ಧ ಗಂಟೆ ನಿಂತು ಮೀನು ಇಳಿಸುವವರನ್ನು ಕೇಳಿದರೆ, ದಿಲ್ಲಿಯ ಕಡತದಲ್ಲಿ ಸಿಗದ ಉತ್ತರಗಳು ಸಿಗುತ್ತವೆ.

ಬ್ರಿಟನ್ ಇದಕ್ಕೆ ಒಂದು ಶಿಸ್ತು ಇಟ್ಟುಕೊಂಡಿದೆ. ಊಹಿಸಬಹುದಾದ ಅತಿ ಕೆಟ್ಟದ್ದನ್ನಲ್ಲ, ನಂಬಬಹುದಾದ ಅತಿ ಕೆಟ್ಟದ್ದನ್ನು ಬರೆಯಬೇಕು. ಉಲ್ಕೆ ಬಿದ್ದು ಮಂಗಳೂರೇ ಮಾಯವಾಗುವ ಕಥೆ ಬೇಡ, ಒಂದು ದಿನ ಕರೆಂಟು ಹೋಗುವುದೂ ಬೇಡ.

ಆದರೆ ಒಂದೇ ಸನ್ನಿವೇಶಕ್ಕೆ ಜೋತುಬಿದ್ದರೆ ಅದೇ ಮುಳುವಾಗುತ್ತದೆ. ಇದೇ ಬ್ರಿಟನ್ ವರ್ಷಗಟ್ಟಲೆ ಸಾಂಕ್ರಾಮಿಕ ರೋಗವನ್ನು ಪಟ್ಟಿಯ ತುದಿಯಲ್ಲೇ ಇಟ್ಟಿತ್ತು, 2016ರಲ್ಲಿ ಸಿಗ್ನಸ್ ಎಂಬ ಅಣಕು ಕಾರ್ಯಾಚರಣೆಯನ್ನೂ ನಡೆಸಿತು. ಎಲ್ಲವೂ ಇನ್‌ಫ್ಲುಯೆಂಜಾ ಬರುತ್ತದೆ ಎಂಬ ಲೆಕ್ಕದಲ್ಲಿ. ಬಂದದ್ದು ಕೊರೊನಾ. ತಪ್ಪು ಸಾಂಕ್ರಾಮಿಕಕ್ಕೆ ಸಿದ್ಧವಾಗಿದ್ದೆವು ಎಂದು ಅಲ್ಲಿನ ಕೋವಿಡ್ ವಿಚಾರಣಾ ಆಯೋಗ 2024ರ ಜುಲೈಯಲ್ಲಿ ಹೇಳಿತು. ಆದ್ದರಿಂದ ಪ್ರತಿ ಅಪಾಯಕ್ಕೂ ಕನಿಷ್ಠ ಎರಡು ಸನ್ನಿವೇಶ ಬರೆಯಿರಿ, ಎರಡನೆಯದು ಮೊದಲನೆಯದರ ಮುಖ್ಯ ನಂಬಿಕೆಯನ್ನೇ ಮುರಿಯುವಂತಿರಲಿ.

ಹಂತ 4: ಆಗುವ ಸಾಧ್ಯತೆ ಎಷ್ಟು?

ನಿಸರ್ಗದ ಅಪಾಯಕ್ಕೆ ಹಳೆಯ ದಾಖಲೆ ಇರುತ್ತದೆ: ಎಷ್ಟು ವರ್ಷಕ್ಕೊಮ್ಮೆ ಚಂಡಮಾರುತ, ಎಷ್ಟು ಮಳೆಗೆ ಗುಡ್ಡ ಜರಿಯುತ್ತದೆ. ಮನುಷ್ಯ ಬೇಕೆಂದೇ ಮಾಡುವ ಕೃತ್ಯಕ್ಕೆ ಆ ದಾರಿ ಇಲ್ಲ. ಅಲ್ಲಿ ಮೂರು ಕೇಳಬೇಕು: ಎದುರಾಳಿಗೆ ಮನಸ್ಸಿದೆಯೇ, ಕೈಲಾಗುತ್ತದೆಯೇ, ನಮ್ಮಲ್ಲಿ ಸಂದು ಇದೆಯೇ. ಮೊದಲೆರಡು ಬೇಗ ಬದಲಾಗುತ್ತವೆ, ಅದಕ್ಕೇ ಬ್ರಿಟನ್ ಇಂಥವನ್ನು ಎರಡು ವರ್ಷದ ಅವಧಿಗೂ ಉಳಿದವನ್ನು ಐದು ವರ್ಷದ ಅವಧಿಗೂ ಅಂದಾಜಿಸುತ್ತದೆ. ಅಲ್ಲಿನ 2023ರ ಅಳತೆಯಲ್ಲಿ ಐದು ಮೆಟ್ಟಿಲು: ಶೇ 0.2ಕ್ಕಿಂತ ಕಡಿಮೆ, 0.2ರಿಂದ 1, 1ರಿಂದ 5, 5ರಿಂದ 25, ಅದಕ್ಕೂ ಮೇಲೆ. ಶೇ 25 ದಾಟಿದರೆ ಅದೇ ಗರಿಷ್ಠ ಮೆಟ್ಟಿಲು ಎಂಬುದನ್ನು ಗಮನಿಸಿ. ಈ ಲೋಕದಲ್ಲಿ ನಾಲ್ಕಕ್ಕೆ ಒಂದು ಅಂದರೆ ತೀರಾ ಹೆಚ್ಚು.

ಅಂಕಿ ಯಾಕೆ ಬೇಕು ಎಂಬುದಕ್ಕೆ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಯಲ್ಲಿದ್ದ ಶೆರ್ಮನ್ ಕೆಂಟ್ ಹೇಳಿದ ಪ್ರಸಂಗವಿದೆ. 1951ರಲ್ಲಿ ಯುಗೊಸ್ಲಾವಿಯದ ಮೇಲೆ ದಾಳಿಯಾಗುವ 'ಗಂಭೀರ ಸಾಧ್ಯತೆ' ಇದೆ ಎಂದು ಅವರ ತಂಡ ಒಮ್ಮತದಿಂದ ವರದಿ ಕೊಟ್ಟಿತು. ಆಮೇಲೆ ಒಬ್ಬೊಬ್ಬರನ್ನೇ ಕೇಳಿದರೆ ಒಬ್ಬರ ಮನಸ್ಸಿನಲ್ಲಿ ಇದ್ದದ್ದು ಶೇ 20, ಇನ್ನೊಬ್ಬರದು ಶೇ 80. ಎಲ್ಲರೂ ಒಂದೇ ವಾಕ್ಯಕ್ಕೆ ಸಹಿ ಹಾಕಿದ್ದರು. 'ತಳ್ಳಿಹಾಕುವಂತಿಲ್ಲ' ಎಂದು ದಿನಾ ಓದುವ ನಮಗೆ ಇದು ಹೊಸದೇನಲ್ಲ. ನಿಮ್ಮ ಗುಂಪಿನಲ್ಲೂ ಮೊದಲು ಪ್ರತಿಯೊಬ್ಬರೂ ಚೀಟಿಯಲ್ಲಿ ಅಂಕಿ ಬರೆದು ಮಡಚಿಡಲಿ, ಚರ್ಚೆ ಆಮೇಲೆ. ಇಲ್ಲದಿದ್ದರೆ ಹಿರಿಯರು ಹೇಳಿದ್ದೇ ಎಲ್ಲರ ಅಂಕಿಯಾಗುತ್ತದೆ.

ಹಂತ 5: ಪೆಟ್ಟು ಎಷ್ಟು?

ಸಾವು-ನೋವು, ಹಣದ ನಷ್ಟ, ಅಗತ್ಯ ಸೇವೆ ನಿಲ್ಲುವುದು, ಜನರ ಧೈರ್ಯ ಕುಗ್ಗುವುದು, ಹೀಗೆ ಹಲವು ಸಾಲುಗಳಲ್ಲಿ 1ರಿಂದ 5ರವರೆಗೆ ಅಂಕ. ಅಳತೆ ಮೆಟ್ಟಿಲಿಂದ ಮೆಟ್ಟಿಲಿಗೆ ಹಲವು ಪಟ್ಟು ಏರುತ್ತದೆ. ಬ್ರಿಟನ್ನಿನದರಲ್ಲಿ 8 ಸಾವಿನವರೆಗೆ ಮೊದಲ ಮೆಟ್ಟಿಲು, 40ರವರೆಗೆ ಎರಡು, 200ರವರೆಗೆ ಮೂರು, 1,000ದವರೆಗೆ ನಾಲ್ಕು, ಅದಕ್ಕೂ ಮೇಲೆ ಐದು.

ಇದನ್ನು ನಮ್ಮೂರಿಗೆ ತಂದು ನೋಡಿ. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜಪೆಯ ಗುಡ್ಡದ ಮೇಲಿನ ರನ್‌ವೇ ದಾಟಿ ಕಣಿವೆಗೆ ಬಿತ್ತು. 158 ಮಂದಿ ತೀರಿಕೊಂಡರು. ಈ ಅಳತೆಯ ಪ್ರಕಾರ ಅದು 'ಮಧ್ಯಮ'. ಕಾಸರಗೋಡಿನಿಂದ ಭಟ್ಕಳದವರೆಗೆ ಆ ದಿನ ನೆನಪಿರುವ ಯಾರ ಮುಂದೆಯೂ ಈ ಮಾತು ಆಡಲಾಗದು. ಆದರೂ ರಾಷ್ಟ್ರಮಟ್ಟದ ಅಳತೆ ಹಾಗೇ ಇರುತ್ತದೆ, ಇರಲೇಬೇಕು. 158ನ್ನೇ ಗರಿಷ್ಠ ಎಂದಿಟ್ಟರೆ ಲಕ್ಷಾಂತರ ಜನರನ್ನು ಕೊಂದ ಕೋವಿಡ್‌ಗೂ ಅದಕ್ಕೂ ಒಂದೇ ಅಂಕ ಬರುತ್ತದೆ. ರಾಷ್ಟ್ರದ ಪಟ್ಟಿಯಲ್ಲಿ ಸಣ್ಣದಾದದ್ದು ಜಿಲ್ಲೆಯ ಪಟ್ಟಿಯಲ್ಲಿ ದೊಡ್ಡದಾಗಿರಲಿ ಎಂದೇ ಜಿಲ್ಲಾ ವಿಪತ್ತು ನಿರ್ವಹಣಾ ಯೋಜನೆಗಳು ಇರುವುದು. ಅವು ಸಾರ್ವಜನಿಕ ದಾಖಲೆಗಳು, ತೆರೆದು ಓದಿ.

ಯಾವ ಅಳತೆಗೋಲು ಹಿಡಿದಿದ್ದೀರಿ ಎಂಬುದರ ಮೇಲೆ ಉತ್ತರ ಎಷ್ಟು ಬದಲಾಗುತ್ತದೆ ನೋಡಿ. ಪೆರ್ಮುದೆಯ 15 ಲಕ್ಷ ಟನ್ ದೇಶಕ್ಕೆ ಮೂರು ದಿನವೂ ಬಾರದು. ಎಂಆರ್‌ಪಿಎಲ್ ಒಂದಕ್ಕೇ ಆದರೆ, ದಿನಕ್ಕೆ ಸುಮಾರು 41 ಸಾವಿರ ಟನ್ನಿನ ಲೆಕ್ಕದಲ್ಲಿ, 36 ದಿನ ಬರುತ್ತದೆ.

ಹಂತ 6: ಚೌಕಗಳ ಪಟ

ಸಾಧ್ಯತೆಯನ್ನು ಒಂದು ಬದಿಗೆ, ಪೆಟ್ಟನ್ನು ಇನ್ನೊಂದು ಬದಿಗೆ ಇಟ್ಟು 25 ಚೌಕ ಹಾಕಿ ಪ್ರತಿ ಅಪಾಯವನ್ನೂ ಅದರ ಜಾಗದಲ್ಲಿ ಕೂರಿಸುತ್ತಾರೆ. ನೋಡಲು ಚಂದ. ಎರಡನ್ನೂ ಗುಣಿಸಿ ಒಂದೇ ಅಂಕಿ ಮಾಡುವ ಆಸೆಗೆ ಮಾತ್ರ ಬೀಳಬೇಡಿ. 1×5 ಕೂಡ 5, 5×1 ಕೂಡ 5. ಒಂದು ಅಣು ದುರಂತ, ಇನ್ನೊಂದು ಪ್ರತಿ ಮಳೆಗಾಲ ಮಂಗಳೂರಿನ ಪಂಪ್‌ವೆಲ್‌ನಲ್ಲಿ ನೀರು ನಿಲ್ಲುವುದು. ಪ್ರತಿ ಅಂಕದ ಪಕ್ಕದಲ್ಲಿ ಅದನ್ನು ಎಷ್ಟು ಭರವಸೆಯಿಂದ ಹೇಳುತ್ತಿದ್ದೀರಿ ಎಂಬ ಟಿಪ್ಪಣಿಯೂ ಇರಲಿ.

ಚೌಕ ರಾಜಕೀಯವೂ ಹೌದು. ಬ್ರಿಟನ್ 2010ರಲ್ಲಿ ಅಪಾಯಗಳನ್ನು ಮೂರು ದರ್ಜೆ ಮಾಡಿತು. ಭಯೋತ್ಪಾದನೆ, ಸೈಬರ್ ದಾಳಿ ಮೊದಲ ದರ್ಜೆ. ತೈಲ-ಅನಿಲ ಪೂರೈಕೆಯ ವ್ಯತ್ಯಯ, ನ್ಯಾಟೋ ಸದಸ್ಯ ದೇಶದ ಮೇಲಿನ ದಾಳಿ ಇವು ಮೂರನೆಯ ದರ್ಜೆ. 2022ರಲ್ಲಿ ರಷ್ಯಾ ಉಕ್ರೇನಿಗೆ ನುಗ್ಗಿದ ಮೇಲೆ ಅಲ್ಲಿನ ಸರ್ಕಾರ ಮನೆ-ಉದ್ದಿಮೆಗಳ ಇಂಧನ ಬಿಲ್ಲಿಗೆ ನೆರವಾಗಲು ಸಾವಿರಾರು ಕೋಟಿ ಪೌಂಡ್ ಸುರಿಯಬೇಕಾಯಿತು. ಮೂರನೇ ದರ್ಜೆ ಅಂದರೆ ಮುಖ್ಯವಲ್ಲ ಅಂತಲ್ಲ ಎಂದು ಆ ದಾಖಲೆಯಲ್ಲೇ ಬರೆದಿತ್ತು, ನಿಜ. ಆದರೆ ಹಣ ಹಂಚುವವನು ಓದುವುದು ಮೊದಲ ದರ್ಜೆಯನ್ನು.

ಹಂತ 7: ಒಂದರ ಬಾಲ ಇನ್ನೊಂದಕ್ಕೆ

ಪಟದಲ್ಲಿ ಅಪಾಯಗಳು ಬಿಡಿ ಬಿಡಿಯಾಗಿ ಕೂತಿರುತ್ತವೆ, ಬದುಕಿನಲ್ಲಿ ಹಾಗಲ್ಲ. 2018ರ ಆಗಸ್ಟ್‌ನಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದ್ ಆಯಿತು; ಅದೇ ಮಳೆಗೆ ಸಕಲೇಶಪುರ-ಸುಬ್ರಹ್ಮಣ್ಯ ರೈಲು ಮಾರ್ಗವೂ ನಿಂತಿತು; ಕೊಡಗು-ಸಂಪಾಜೆಯ ದಾರಿಯೂ ಹೋಯಿತು. ಒಂದಕ್ಕೆ ಇನ್ನೊಂದು ಬದಲಿ ಎಂದು ಬರೆದಿಟ್ಟುಕೊಂಡ ದಾರಿಗಳೆಲ್ಲ ಒಂದೇ ಮಳೆಗೆ ಸಿಕ್ಕಿದ್ದವು. ನಿಮ್ಮ ಪಟ್ಟಿಯ ಪ್ರತಿ ಅಪಾಯದ ಮುಂದೆಯೂ 'ಇದಾದರೆ ಇನ್ನೇನು ನಿಲ್ಲುತ್ತದೆ' ಎಂದು ಬಾಣ ಎಳೆಯಿರಿ. ಅತಿ ಹೆಚ್ಚು ಬಾಣಗಳು ಬಂದು ಸೇರುವ ಜಾಗಕ್ಕೆ ಕಾವಲು ಬೇಕು, ಅದು ಕೆಂಪು ಚೌಕದಲ್ಲಿ ಇಲ್ಲದಿದ್ದರೂ.

ಹಂತ 8: ಏನು ಮಾಡುವುದು, ಯಾರು ಮಾಡುವುದು

ದಾರಿಗಳು ನಾಲ್ಕೇ: ತಪ್ಪಿಸುವುದು, ಕಡಿಮೆ ಮಾಡುವುದು, ಬೇರೆಯವರೊಡನೆ ಹಂಚಿಕೊಳ್ಳುವುದು, ಒಪ್ಪಿಕೊಂಡು ಬದುಕುವುದು. ತೈಲದ ವಿಷಯದಲ್ಲಿ ನಾಲ್ಕೂ ಒಟ್ಟಿಗೆ ಕಾಣುತ್ತವೆ. ಭಾರತ ಬಳಸುವ ಕಚ್ಚಾ ತೈಲದಲ್ಲಿ ಶೇ 85ಕ್ಕೂ ಹೆಚ್ಚು ಆಮದು. ಆಮದನ್ನೇ ತಪ್ಪಿಸಲು ಸದ್ಯಕ್ಕೆ ಆಗದು. ಬೇರೆ ಬೇರೆ ದೇಶಗಳಿಂದ ಕೊಂಡರೆ ಅಪಾಯ ಸ್ವಲ್ಪ ಇಳಿಯುತ್ತದೆ. ಗುಹೆಗಳು ಪೆಟ್ಟನ್ನು ತಗ್ಗಿಸುವ ಕ್ರಮ. 2018ರಲ್ಲಿ ಅಬುಧಾಬಿಯ ಅಡ್ನಾಕ್ ಕಂಪನಿ ತನ್ನದೇ ತೈಲವನ್ನು ಮಂಗಳೂರಿನ ಗುಹೆಗೆ ತುಂಬಿದ್ದು ಹಂಚಿಕೊಳ್ಳುವ ಕ್ರಮ: ತುಂಬಿಸುವ ಖರ್ಚು ಅವರದು, ತುರ್ತು ಬಂದರೆ ಬಳಸುವ ಮೊದಲ ಹಕ್ಕು ನಮ್ಮದು.

ಉಳಿದದ್ದು ಒಪ್ಪಿಕೊಂಡ ಅಪಾಯ. ಅಂತಾರಾಷ್ಟ್ರೀಯ ಇಂಧನ ಸಂಸ್ಥೆಯ ಪೂರ್ಣ ಸದಸ್ಯರು 90 ದಿನದ ನಿವ್ವಳ ಆಮದಿನಷ್ಟು ಸಂಗ್ರಹ ಇಡಬೇಕು. ನಮ್ಮ ಗುಹೆಗಳ 9.5 ದಿನಕ್ಕೆ ತೈಲ ಕಂಪನಿಗಳ ಬಳಿ ಇರುವ ಸುಮಾರು 64.5 ದಿನದ ಸಾಮರ್ಥ್ಯ ಕೂಡಿಸಿದರೆ 74 ಆಗುತ್ತದೆ. ನಡುವಿನ ಅಂತರವನ್ನು ಖರ್ಚಿನ ಕಾರಣಕ್ಕೆ ಯಾರೋ ಒಪ್ಪಿಕೊಂಡಿದ್ದಾರೆ. ಹೀಗೆ ಒಪ್ಪಿಕೊಂಡದ್ದನ್ನು ಬರೆದು, ಒಬ್ಬ ಮಂತ್ರಿಯೋ ಕಾರ್ಯದರ್ಶಿಯೋ ಸಹಿ ಹಾಕಬೇಕು. ಬರೆಯದೆ ಬಿಟ್ಟರೆ ಮುಂದೆ 'ಯಾರೂ ಹೇಳಿರಲಿಲ್ಲ' ಎಂಬ ಮಾತು ಬರುತ್ತದೆ.

ಇನ್ನೊಂದನ್ನೂ ಮರೆಯಬಾರದು. ಪ್ರತಿ ಪರಿಹಾರವೂ ತನ್ನದೇ ಹೊಸ ಅಪಾಯವನ್ನು ಹುಟ್ಟಿಸುತ್ತದೆ. ದೇಶದ ತುರ್ತು ತೈಲದ ಮುಕ್ಕಾಲು ಪಾಲು ಕಾರಿನಲ್ಲಿ ಒಂದು ಗಂಟೆಯೊಳಗೆ ತಲುಪಬಹುದಾದ ಎರಡು ಜಾಗಗಳಲ್ಲಿದೆ. 2021ರಲ್ಲಿ ಎರಡನೇ ಹಂತಕ್ಕೆ ಒಪ್ಪಿಗೆ ಕೊಟ್ಟಾಗ ಒಡಿಶಾದ ಚಂಡಿಖೋಲ್‌ಗೆ 40 ಲಕ್ಷ ಟನ್ ಹೋಯಿತು, ಪಾದೂರಿಗೆ ಮತ್ತೆ 25 ಲಕ್ಷ ಬಂತು. ಗಟ್ಟಿ ಬಂಡೆ, ಹತ್ತಿರದ ಬಂದರು, ಪಕ್ಕದ ರಿಫೈನರಿ, ಎಲ್ಲ ಸರಿ. ಆದರೆ ಭೂಮಿ ಕಳೆದುಕೊಳ್ಳುವ ಪಾದೂರಿನವರ ಆತಂಕ ದಿಲ್ಲಿಯ ಪಟದ ಯಾವ ಚೌಕದಲ್ಲಿ ಕೂರುತ್ತದೆ? ನನ್ನ ಅಭಿಪ್ರಾಯದಲ್ಲಿ ದೇಶದ ಅಪಾಯ ತಗ್ಗಿಸಲು ಒಂದು ಊರು ಹೊರುವ ಭಾರಕ್ಕೂ ಅದೇ ಕಾಗದದಲ್ಲಿ ಒಂದು ಸಾಲು ಇರಬೇಕು.

ಹಂತ 9: ಎದುರು ವಾದ, ಅಣಕು ಕಾರ್ಯಾಚರಣೆ

ತಂಡದಲ್ಲಿ ಒಬ್ಬರಿಗೆ ಎದುರಾಳಿಯಾಗಿ ಯೋಚಿಸುವ ಕೆಲಸವನ್ನೇ ಕೊಡಿ. 1999ರ ಕಾರ್ಗಿಲ್‌ನಲ್ಲಿ ಚಳಿಗಾಲಕ್ಕೆ ತೆರವಾಗುತ್ತಿದ್ದ ಎತ್ತರದ ನೆಲೆಗಳ ಕಡೆಯಿಂದ ಯಾರೂ ದೊಡ್ಡ ಪ್ರಮಾಣದಲ್ಲಿ ಬರಲಾರರು ಎಂಬ ನಂಬಿಕೆಯೇ ನಮಗೆ ಮುಳುವಾಯಿತು. ಕೆ. ಸುಬ್ರಹ್ಮಣ್ಯಂ ನೇತೃತ್ವದ ಪರಿಶೀಲನಾ ಸಮಿತಿ, ಆ ನುಸುಳುವಿಕೆ ಪೂರ್ತಿ ಅನಿರೀಕ್ಷಿತವಾಗಿತ್ತು ಎಂದೇ ಹೇಳಿತು. ನಮ್ಮ ತೀರದಲ್ಲಿ 'ಮಳೆಗಾಲದಲ್ಲಿ ಕಡಲಿನಿಂದ ಯಾರು ಬರುತ್ತಾರೆ' ಎನ್ನುವುದು ಅದೇ ಜಾತಿಯ ನಂಬಿಕೆ. ಜೂನ್ 1ರಿಂದ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ನೋಡುವ ಕಣ್ಣುಗಳೂ ಆಗ ಕಡಲಲ್ಲಿ ಕಡಿಮೆ.

ಸಾಗರ ಕವಚ ಎಂಬ ಅಣಕು ಕಾರ್ಯಾಚರಣೆ ನಡೆಯುವಾಗ ಪೊಲೀಸರೇ ವೇಷ ಮರೆಸಿ ಕಡಲಿನಿಂದ ಬಂದು ನುಸುಳಲು ನೋಡುತ್ತಾರೆ. ಮರುದಿನದ ಪತ್ರಿಕೆಯಲ್ಲಿ 'ಯಶಸ್ವಿ' ಎಂದು ಬಂದರೆ ನನಗೆ ಸಮಾಧಾನವಾಗುವುದಿಲ್ಲ. ಎಷ್ಟು ಮಂದಿ ಸಿಕ್ಕಿಬೀಳದೆ ಒಳಗೆ ಬಂದರು, ಎಲ್ಲಿಂದ ಬಂದರು, ಆ ಸಂದು ಮುಂದಿನ ಸಲದೊಳಗೆ ಮುಚ್ಚಿತೇ ಎಂಬುದೇ ಅದರ ಫಲಿತಾಂಶ.

ಹಂತ 10: ತಿದ್ದುವುದು

ವರ್ಷಕ್ಕೊಮ್ಮೆ ಎಂದು ದಿನಾಂಕ ಇಟ್ಟುಕೊಳ್ಳಿ. ಅದಕ್ಕಿಂತ ಮುಖ್ಯವಾಗಿ, ಯಾವ ಸುದ್ದಿ ಬಂದರೆ ಕಾದು ಕೂರದೆ ಕಡತ ತೆರೆಯಬೇಕು ಎಂದು ಮೊದಲೇ ಬರೆದಿಡಿ.

ತೈಲದ ಸಾಲನ್ನೇ ತೆಗೆದುಕೊಳ್ಳಿ. ಮೊದಲ ಸನ್ನಿವೇಶ ಎಲ್ಲರೂ ಬರೆಯುವಂಥದ್ದು: ಕಿರಿದಾದ ಜಾಗದಲ್ಲಿ ಸುಮಾರು 33 ಕಿ.ಮೀ. ಅಗಲವಿರುವ ಹೋರ್ಮುಜ್ ಜಲಸಂಧಿ ಮುಚ್ಚುತ್ತದೆ, ಕೊಲ್ಲಿಯಿಂದ ಹಡಗು ಬರುವುದಿಲ್ಲ. 2022ರ ನಂತರ ರಷ್ಯಾದ ತೈಲ ನಮ್ಮ ಆಮದಿನ ಮೂರನೇ ಒಂದು ಭಾಗ ದಾಟಿತು. ಅದು ಹೋರ್ಮುಜ್ ಮೂಲಕ ಬರುವುದಿಲ್ಲ, ಹಾಗಾಗಿ ಅಂಕ ಇಳಿಸಬೇಕು. ಆದರೆ ಅದರಲ್ಲಿ ಬಹುಪಾಲು ಕೆಂಪು ಸಮುದ್ರ ಹಾದು ಬರುತ್ತದೆ, 2023ರ ನವೆಂಬರಿನಿಂದ ಅಲ್ಲಿ ಹಡಗುಗಳ ಮೇಲೆ ಯೆಮೆನ್ನಿನ ಹೌತಿ ಬಂಡುಕೋರರ ದಾಳಿ ಶುರುವಾಯಿತು. ಇನ್ನೊಂದು ಸಾಲು ಸೇರಿಸಬೇಕು, ಅದು ಎರಡನೇ ಸನ್ನಿವೇಶ. ಅಷ್ಟರಲ್ಲಿ 2023ರ ಡಿಸೆಂಬರ್ 23ರಂದು ಕೆಮ್ ಪ್ಲೂಟೊ ಎಂಬ ಹಡಗಿನ ಮೇಲೆ ಡ್ರೋನ್ ಬಿತ್ತು. ಸೌದಿಯ ಜುಬೈಲ್‌ನಲ್ಲಿ ತೈಲ ತುಂಬಿಕೊಂಡು ಹೋರ್ಮುಜ್ ದಾಟಿ, ಪೋರಬಂದರಿನಿಂದ 200 ನಾಟಿಕಲ್ ಮೈಲಿಗಿಂತ ಸ್ವಲ್ಪ ಆಚೆ ಬಟ್ಟಬಯಲಾದ ಅರಬ್ಬಿ ಸಮುದ್ರದಲ್ಲಿತ್ತು ಆ ಹಡಗು. ಹೊರಟಿದ್ದು ನವಮಂಗಳೂರು ಬಂದರಿಗೆ. ಮೊದಲೆರಡು ಸನ್ನಿವೇಶಗಳಲ್ಲಿ ಈ ಜಾಗ ಸುರಕ್ಷಿತ ಎಂದೇ ಇತ್ತು. ಕೋಸ್ಟ್ ಗಾರ್ಡಿನ ವಿಕ್ರಮ್ ಹಡಗು ಅದನ್ನು ಮುಂಬೈವರೆಗೆ ಕಾವಲಿನಲ್ಲಿ ಕರೆತಂದಿತು. ನೌಕಾಪಡೆ ಮೊರ್ಮುಗಾವ್, ಕೊಚ್ಚಿ, ಕೋಲ್ಕತಾ ಎಂಬ ಮೂರು ಸಮರನೌಕೆಗಳನ್ನು ಅರಬ್ಬಿ ಸಮುದ್ರಕ್ಕೆ ಇಳಿಸಿತು. ನಿಮ್ಮ ಹಾಳೆಯಲ್ಲಿ ಮೂರನೇ ಸನ್ನಿವೇಶವನ್ನು ಈ ಹಡಗಿನಿಂದಲೇ ಶುರು ಮಾಡಿ, ಹೊಣೆಗಾರರ ಕಾಲಂನಲ್ಲಿ ತುಂಬಬೇಕಾದ ಹೆಸರುಗಳು ಈ ಸಲ ಮೊದಲೆರಡರ ಹಾಗೆ ಇರುವುದಿಲ್ಲ.